ಗೋಧಿ ಬೀಸದ ಮಿಲ್ಲು

ಇನ್ನು ಮೇಲೆ ಗೋಧಿ ಮುಟ್ಟಲೇಬಾರದು ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದಾಗ ನನ್ನ ಸೆರಗಿನ ಅಂಚಿಗೆ ಗೋಧಿ ಹಿಟ್ಟು ಮೆತ್ತಿಕೊಂಡಿತ್ತು. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಎರಡು ಡಬ್ಬ ಗೋಧಿ ಬೀಸಿಕೊಟ್ಟು ಹೊರಟವಳು ನಾನು. ತಿರುಮಕೂಡಲು ನರಸೀಪುರದಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಮಾವನವರು ಹಾಕಿದ್ದು, ಅವರು ತೀರಿಕೊಂಡ ಮೇಲೆ ಬೆಲ್ಟು, ಕಲ್ಲು, ಗಿರಾಕಿ ಎಲ್ಲ ನನ್ನ ಪಾಲಿಗೆ ಬಂದಿತ್ತು. ನಮ್ಮೆಜಮಾನರು ಲೈನ್‌ಮನ್. ಕರೆಂಟು ಹೋದಾಗಲೆಲ್ಲ ಗಿರಾಕಿಗಳು, “ಲೈನ್‌ಮನ್ ಎಂಡ್ತಿ ಮಿಲ್ಗೇ ಕರೆಂಟಿಲ್ಲ, ಇನ್ನು ನಮ್ಮಟ್ಟಿಗೆ ಎಲ್ಲಿ ಬಂದದು” ಎಂದು ನಗುತ್ತಿದ್ದರು. ಊರಿಗೆ ಮೊಬೈಲು ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು.

ಮೂರು ವರ್ಷದಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿರಲಿಲ್ಲ. ತಿಂದದ್ದು ನಿಲ್ಲುತ್ತಿರಲಿಲ್ಲ. ರಕ್ತ ಇಲ್ಲ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಜಂತುಹುಳಕ್ಕೆ ಔಷಧಿ ಕೊಟ್ಟರು. ಅತ್ತೆ ದೃಷ್ಟಿ ತೆಗೆದರು. ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೂಟೆ ತೂಗುವ ತಕ್ಕಡಿಯ ಮೇಲೆ ನಾನೇ ಹತ್ತಿ ನಿಂತೆ. ಮೂವತ್ತೆಂಟು ಕೆಜಿ. ಪಕ್ಕದಲ್ಲಿದ್ದ ರಾಗಿ ಮೂಟೆ ನನಗಿಂತ ಹೆಚ್ಚು ತೂಗುತ್ತಿತ್ತು. ನಗು ಬಂತು, ಹಿಂದೆಯೇ ಅಳುವೂ ಬಂತು.

ನಮ್ಮ ಕಡೆ ಮೈಗೆ ಹುಷಾರಿಲ್ಲ ಅಂದರೆ ಮೊದಲು ನಿಲ್ಲಿಸುವುದು ಮುದ್ದೆಯನ್ನು. ಮುದ್ದೆ ಭಾರ, ಚಪಾತಿ ಹಗುರ ಎಂಬ ನಂಬಿಕೆ ಎಲ್ಲಿಂದ ಬಂತೋ ಕಾಣೆ. ನಂಜನಗೂಡಿನಿಂದ ನಮ್ಮಣ್ಣ ನನ್ನನ್ನು ನೋಡಲು ಬಂದರೆ ಕೈಯಲ್ಲಿ ಬ್ರೆಡ್ಡು, ಬನ್ನು, ರಸ್ಕು. ಬೆಳಿಗ್ಗೆ ರವೆ ಗಂಜಿ, ಮಧ್ಯಾಹ್ನ ಮೆತ್ತನೆಯ ಚಪಾತಿ. ಹುಷಾರು ತಪ್ಪಿದಷ್ಟೂ ಗೋಧಿ, ಗೋಧಿ ತಿಂದಷ್ಟೂ ಹುಷಾರು ತಪ್ಪುವುದು. ಹೀಗೇ ಮೂರು ವರ್ಷ ಸುತ್ತಿದೆ ನೋಡಿ.

ಕೊನೆಗೆ ಮೈಸೂರಿನಲ್ಲಿ ಬಾಯಿಂದ ಕೊಳವೆ ಇಳಿಬಿಟ್ಟು ನೋಡಿ, ಕರುಳಿನ ಒಂದು ಚೂರು ತೆಗೆದು, ರಕ್ತವನ್ನು ಬೆಂಗಳೂರಿಗೆ ಕಳಿಸಿ, ಎರಡು ವಾರ ಕಾಯಿಸಿದ ಮೇಲೆ ಡಾಕ್ಟರಮ್ಮ ಒಂದು ಹೆಸರು ಹೇಳಿದರು. ಸೀಲಿಯಾಕ್. ನಮ್ಮೆಜಮಾನರು ಅದನ್ನು ಮೂರು ಸಲ ಹೇಳಿಸಿಕೊಂಡರು.

“ಗೋಧೀಲಿ ಒಂದು ಥರ ಅಂಟು ಇರುತ್ತಮ್ಮ, ಗ್ಲುಟೆನ್ ಅಂತ. ಚಪಾತಿ ಹಿಟ್ಟು ಎಳೆದ್ರೆ ಹಿಗ್ಗುತ್ತಲ್ಲ, ಅದರಿಂದಾನೇ. ನಿಮ್ಮ ಕರುಳಿಗೆ ಅದು ಆಗಲ್ಲ. ಕರುಳಿನ ಒಳಗೆ ಸಣ್ಣ ಸಣ್ಣ ಬೆರಳಿನ ಹಾಗೆ ಇರುತ್ತೆ. ಊಟದ ಸತ್ವ ಹೀರ್ಕೊಳ್ಳೋದು ಅದೇ. ನಿಮ್ಮದು ಸವೆದು ಚಪ್ಪಟೆ ಆಗಿಬಿಟ್ಟಿದೆ” ಎಂದರು ಡಾಕ್ಟರಮ್ಮ.

“ಕಲ್ಲಿನ ಕಚ್ಚು ಸವೆದಂಗೆ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ಬೀಸುವ ಕಲ್ಲಿಗೆ ಉಳಿಯಿಂದ ಗೀರು ಗೀರಾಗಿ ಕಚ್ಚು ಹೊಡೆದಿರುತ್ತಾರೆ. ಅದು ಸವೆದು ಕಲ್ಲು ನುಣ್ಣಗಾದರೆ ಕಾಳು ಅರೆಯುವುದಿಲ್ಲ, ಬಂದ ಹಾಗೇ ಉರುಳಿಕೊಂಡು ಆಚೆ ಬೀಳುತ್ತದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು.

“ಸರಿಯಾಗಿ ಹೇಳಿದ್ರಿ. ವ್ಯತ್ಯಾಸ ಒಂದೇ. ನಿಮ್ಮ ಕಲ್ಲಿಗೆ ಯಾರಾದ್ರೂ ಉಳಿ ಹಿಡ್ಕೊಂಡು ಕೂರಬೇಕು. ಇದಕ್ಕೆ ಬೇಡ. ಗೋಧಿ ಪೂರ್ತಿ ನಿಲ್ಲಿಸಿದ್ರೆ ಕಚ್ಚು ತಾನೇ ಬರುತ್ತೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಆದ್ರೆ ಪೂರ್ತಿ ಅಂದ್ರೆ ಪೂರ್ತಿ. ಒಂದು ಚಿಟಿಕೆನೂ ಬೇಡ. ಹೀಗೇ ಬಿಟ್ರೆ ಮೂಳೆ ಸವೆಯುತ್ತೆ, ಮೈಗೆ ರಕ್ತ ಹಿಡಿಯಲ್ಲ. ಇನ್ನೂ ಮೂವತ್ತನಾಲ್ಕು ವರ್ಷ ನಿಮಗೆ.”

ಒಂದು ಹಾಳೆಯ ತುಂಬ ಬರೆದುಕೊಟ್ಟರು. ತಿನ್ನಬಾರದ್ದು: ಗೋಧಿ, ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು, ಜವೆಗೋಧಿ. ತಿನ್ನಬಹುದಾದ್ದು: ಅಕ್ಕಿ, ರಾಗಿ, ಜೋಳ, ಬೇಳೆಕಾಳು, ತರಕಾರಿ, ಹಾಲು, ಮೊಸರು, ಮಾಂಸ, ಮೀನು. ಮನೆಗೆ ಬಂದು ಓದಿ ಹೇಳಿದಾಗ ಅತ್ತೆ ಎರಡೂ ಕೈ ಎತ್ತಿ ಮುಗಿದರು.

“ಇಷ್ಟೇಯಾ? ಗೋದಿ ಒಂದ್ ಬುಟ್ರೆ ಸಾಕಂತಾ? ಅಯ್ಯೋ ನಮ್ಮಪ್ಪ ನಂಜುಂಡೇಸ್ವರ! ನಾವೇನು ಗೋದಿ ತಿನ್ಕಂಡು ಉಟ್ಟಿದ್ವಾ? ಇಟ್ಟು ಉಂಡ್ಕಂಡು ಆರಾಮಾಗಿ ಇರವ್ವ.”

ನನಗೂ ಹಾಗೇ ಅನ್ನಿಸಿತು. ಮೂರು ವರ್ಷ ಬಾಯಿ ಕಟ್ಟಿ ಬಿಟ್ಟಿದ್ದ ಮುದ್ದೆ ವಾಪಸ್ಸು ಬಂತು. ಅವತ್ತು ಅತ್ತೆ ಅವರೆಕಾಳು ಸಾರು ಮಾಡಿದ್ದರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವಾಗ ಕಣ್ಣಲ್ಲಿ ನೀರು ಬಂತು. ಇದಕ್ಕಿಂತ ಸುಲಭದ ಕಾಯಿಲೆ ಇನ್ನೊಂದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ.

ಮೊದಲ ತಿಂಗಳು ಗೆಲುವಾಗಿದ್ದೆ. ಎರಡನೇ ತಿಂಗಳು ಅಲ್ಲಿಗೆ ನಿಂತಿತು. ಮೂರನೇ ತಿಂಗಳು ಹೊಟ್ಟೆ ಮತ್ತೆ ಹಳೇ ವರಸೆ ತೆಗೆಯಿತು. ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದೆವು. ರಿಪೋರ್ಟು ನೋಡಿದ ಡಾಕ್ಟರಮ್ಮನ ಮುಖ ಗಂಟಾಯಿತು.

“ಏನೋ ತಿಂತಿದ್ದೀರಿ ನೀವು.”

“ಇಲ್ಲಮ್ಮ.”

“ಒಂದು ಬಿಸ್ಕತ್ತು? ಒಂದು ಪೂರಿ?”

“ದೇವರಾಣೆ ಇಲ್ಲ.”

ಅವರು ನಂಬಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ನಮ್ಮೆಜಮಾನರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು, “ಮೊನ್ನೆ ನಿಮ್ಮಣ್ಣ ತಂದಿದ್ ರಸ್ಕ್ ಪ್ಯಾಕೆಟ್ಟು ಎಲ್ಲೋಯ್ತು?” ಎಂದು ಕೇಳಿದರು. ನಾನು ಕೆಂಡವಾದೆ. “ನಿಮ್ಮ ತಾಯಿ ಟೀಲಿ ಅದ್ಕೊಂಡು ತಿಂದ್ರು, ಹೋಗಿ ಕೇಳ್ಕೊಳಿ” ಎಂದು ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

ಇಲ್ಲಿ ನಮ್ಮ ಮಿಲ್ಲಿನ ಒಂದು ಪದ್ಧತಿ ಹೇಳಬೇಕು. ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆ ಕೊಳವೆಯಲ್ಲಿ ಒಂದಷ್ಟು ಹಿಟ್ಟು ಉಳಿದಿರುತ್ತದೆ. ಹಿಂದೆಯೇ ಒಬ್ಬರ ರಾಗಿ ಹಾಕಿದರೆ ಅದೆಲ್ಲ ಅವರ ಡಬ್ಬಕ್ಕೆ ಹೋಗುತ್ತದೆ. ಗಿರಾಕಿಯ ರಾಗಿಗೆ ಇನ್ನೊಬ್ಬರ ಗೋಧಿ ಸೇರಬಾರದು ಎನ್ನುವುದು ಮಾವನವರು ಹಾಕಿದ ಕಟ್ಟಳೆ. ಅದಕ್ಕೆ ನಡುವೆ ನಮ್ಮ ಮನೆಯ ರಾಗಿ ಎರಡು ಬೊಗಸೆ ಸುರಿದು ಬೀಸುತ್ತಿದ್ದೆವು. ಇದಕ್ಕೆ ಕಲ್ಲು ತೊಳೆಯುವುದು ಎಂದು ಹೆಸರು. ನೀರಿನ ಸಂಬಂಧವೇ ಇಲ್ಲ. ತೊಳೆದ ಹಿಟ್ಟು ಬೇರೆ ಡಬ್ಬಕ್ಕೆ ಬೀಳುತ್ತಿತ್ತು. ದಿನಕ್ಕೆ ಐದಾರು ಸಲ ತೊಳೆದರೆ ಸಂಜೆಗೆ ಡಬ್ಬ ತುಂಬುತ್ತಿತ್ತು. ಹಿಟ್ಟು ಚೆಲ್ಲಿದರೆ ಅತ್ತೆ ಸುಮ್ಮನಿರುವವರಲ್ಲ, ಹಾಗಾಗಿ ಆ ಡಬ್ಬ ಮನೆಗೆ ಬರುತ್ತಿತ್ತು. ಮೂವತ್ತು ವರ್ಷದಿಂದ ನಮ್ಮ ಮನೆಯ ಮುದ್ದೆ ಆ ಡಬ್ಬದ್ದೇ. ನೆಂಟರು ಬಂದವರು, “ನಿಮ್ಮಟ್ಟಿ ಇಟ್ಟು ಬೆಣ್ಣೆ ಬೆಣ್ಣೆ ಕಣ್ರವ್ವ, ಅಂಗೇ ಜಾರ್ತದೆ” ಎಂದು ಹೊಗಳುತ್ತಿದ್ದರು.

ಮೈಸೂರಿನಿಂದ ಬಂದ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಬಾಣಂತಿ ಹುಡುಗಿಯ ತಾಯಿ ಬಂದು ನಿಂತಿದ್ದರು. ಮಗುವಿನ ಸರಿ ಹಿಟ್ಟಿಗೆ ಮೊಳಕೆ ಕಟ್ಟಿ ಒಣಗಿಸಿದ ರಾಗಿ ತಂದಿದ್ದರು. ಹಿಂದಿನ ಸಂಜೆಯೇ ಕಲ್ಲು ತೊಳೆದಿಟ್ಟು, ಕೂಸಿನ ರಾಗಿಯನ್ನು ದಿನದ ಮೊದಲ ಬೀಸಾಗಿಯೇ ಬೀಸಿಕೊಡುವುದು ನಮ್ಮಲ್ಲಿ ರೂಢಿ. ಆಕೆ ಡಬ್ಬ ಕೊಡುವ ಮೊದಲು ಕೇಳಿದರು:

“ನೆನ್ನೆ ಕೊನೆಗೆ ಏನು ಬೀಸಿದ್ರವ್ವ? ಕೂಸಿನ್ ಒಟ್ಟೆ, ಅದ್ಕೇ ಕೇಳ್ದೆ.”

“ಹೆದರ್ಬೇಡಿ. ಗೋಧಿ ಬೀಸಾದ್ಮೇಲೆ ನಮ್ಮನೆ ರಾಗಿ ಹಾಕಿ ಕಲ್ಲು ತೊಳ್ದಿದ್ದೀನಿ. ಇದ್ದಬದ್ದ ಗೋಧಿಯೆಲ್ಲ ನಮ್ಮನೆ ಡಬ್ಬಕ್ಕೆ ಬಂದ್ಬಿಟ್ಟಿದೆ” ಎಂದೆ.

ಹೇಳಿದೆ, ಸ್ವಿಚ್ಚಿನ ಮೇಲೆ ಕೈಯಿಟ್ಟೆ, ಕೈ ಅಲ್ಲೇ ನಿಂತಿತು. ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಇದ್ದಬದ್ದ ಗೋಧಿಯೆಲ್ಲ ನಮ್ಮ ಮನೆಯ ಡಬ್ಬಕ್ಕೆ! ಅಯ್ಯೋ ಪೆದ್ದಿ, ದಿನಾ ಎರಡು ಹೊತ್ತು ನೀನು ನುಂಗುತ್ತಿರುವುದು ಅದನ್ನೇ ಅಲ್ಲವೇನೇ! ಕೂಸಿನ ರಾಗಿ ಬೀಸಿಕೊಟ್ಟು, ಮಿಲ್ಲಿಗೆ ಬೀಗ ಹಾಕಿ, ತೊಳೆದ ಹಿಟ್ಟಿನ ಡಬ್ಬ ಎತ್ತಿಕೊಂಡು ಮನೆಗೆ ಓಡಿದೆ.

ಅತ್ತೆಗೆ ಬಾಯಿ ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ ಎಂದು ಗೊತ್ತಿತ್ತು. ಆ ಡಬ್ಬದ ಹಿಟ್ಟನ್ನು ಒಂದು ಹಿಡಿ ತೆಗೆದು ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿದೆ. ಪಕ್ಕದ ಮನೆಯಿಂದ ಬರೀ ರಾಗಿ ಹಿಟ್ಟು ಒಂದು ಹಿಡಿ ತಂದು ಅದನ್ನೂ ಕಲಸಿದೆ. ಎರಡನ್ನೂ ಅರ್ಧ ಗಂಟೆ ಬಿಟ್ಟು, ತೆಳು ಬಟ್ಟೆಯಲ್ಲಿ ಕಟ್ಟಿ, ನಲ್ಲಿಯ ಕೆಳಗೆ ಹಿಚುಕಿ ಹಿಚುಕಿ ತೊಳೆದೆ. ಪಕ್ಕದ ಮನೆಯ ರಾಗಿ ಪೂರ್ತಿ ಕರಗಿ ಹೋಗಿ ಬಟ್ಟೆಯಲ್ಲಿ ಒಂದಿಷ್ಟು ಹೊಟ್ಟು ಮಾತ್ರ ಉಳಿಯಿತು. ನಮ್ಮದರಲ್ಲಿ ಹೊಟ್ಟಿನ ಜೊತೆಗೆ ಬೂದು ಬಣ್ಣದ ಒಂದು ಉಂಡೆ ಉಳಿಯಿತು. ಎಳೆದರೆ ಹಿಗ್ಗಿತು, ಬಿಟ್ಟರೆ ಕುಗ್ಗಿತು.

“ಏನವ್ವ ಇದು, ಚೂಯಿಂಗ್ ಗಮ್ಮಾ?” ಎಂದರು ಅತ್ತೆ.

“ಇದೇ ಅತ್ತೆ, ಡಾಕ್ಟ್ರು ಬೇಡ ಅಂದಿದ್ದು.”

ಅವರು ಆ ಉಂಡೆಯನ್ನು ಬೆರಳಲ್ಲಿ ಹಿಡಿದು ಎರಡು ಮೂರು ಸಲ ಎಳೆದು ನೋಡಿದರು. ಆಮೇಲೆ ಒಲೆಯ ಮುಂದೆ ಕುಸಿದು ಕೂತು ಅಳಲು ಶುರು ಮಾಡಿದರು. “ನನ್ ಕೈಯಾರೆ ಕಟ್ ಕಟ್ಟಿ ಇಕ್ತಿದ್ನಲ್ಲೋ ಸಿವ್ನೇ! ಒಂದ್ ಮುದ್ದೆ ಸಾಕತ್ತೆ ಅಂದ್ರೆ ಇನ್ನೊಂದ್ ಇಕ್ತಿದ್ನಲ್ಲೋ!” ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೆ ನಗು ಬಂದುಬಿಟ್ಟಿತು. ಕಳ್ಳ ಸಿಕ್ಕಿಬಿದ್ದಿದ್ದ, ಅದೇ ದೊಡ್ಡ ಸಂತೋಷ. ಸಂಜೆ ನಮ್ಮೆಜಮಾನರು ಬಂದಾಗ ಆ ಉಂಡೆಯನ್ನು ಅವರ ಕೈಗಿಟ್ಟು, “ತಗೊಳಿ ನಿಮ್ಮ ರಸ್ಕು” ಎಂದೆ. ಅವರು ಎರಡು ದಿನ ನನ್ನ ಮುಖ ನೋಡಲಿಲ್ಲ, ಮೂರನೇ ದಿನ ನಂಜನಗೂಡಿನ ರಸಬಾಳೆ ತಂದುಕೊಟ್ಟರು.

ಅವತ್ತಿನಿಂದ ಮನೆಯ ರಾಗಿ ಬೆಳಗಿನ ಮೊದಲ ಬೀಸು. ಕಲ್ಲು ತೊಳೆದ ಹಿಟ್ಟು ಪಕ್ಕದ ಮನೆಯ ಹಸುವಿಗೆ ಹೋಗತೊಡಗಿತು. ಕೂಸುಗಳ ಸಾಲಿನಲ್ಲಿ ನಾನೂ ಒಂದು ಕೂಸು. ಮನೆಯ ಹಿಟ್ಟಿನ ಡಬ್ಬಗಳನ್ನು ಸೀಗೆಪುಡಿ ಹಾಕಿ ಉಜ್ಜಿದೆವು, ಮೊರ ಜರಡಿ ಹೊಸದು ತಂದೆವು, ಮರದ ಮುದ್ದೆಕೋಲು ಬದಲಾಯಿಸಿದೆವು. ಎರಡು ತಿಂಗಳಲ್ಲಿ ರಕ್ತ ಏಳರಿಂದ ಒಂಬತ್ತಕ್ಕೆ ಬಂತು. ಡಾಕ್ಟರಮ್ಮ ನಮ್ಮ ಕಲ್ಲು ತೊಳೆಯುವ ಕಥೆ ಕೇಳಿ ಬಿದ್ದು ಬಿದ್ದು ನಕ್ಕು, ನಿಮ್ಮನ್ನು ಅನುಮಾನಿಸಿದ್ದು ತಪ್ಪಾಯಿತು ಎಂದರು.

ಆದರೆ ಒಂಬತ್ತಕ್ಕೆ ಬಂದದ್ದು ಒಂಬತ್ತರಲ್ಲೇ ಕೂತುಬಿಟ್ಟಿತು. ಮುಂದಿನ ಸಲ ಹೋದಾಗ ಡಾಕ್ಟರಮ್ಮ ದಿನಕ್ಕೆ ಎಷ್ಟು ಗಂಟೆ ಮಿಲ್ಲಿನಲ್ಲಿ ಇರುತ್ತೀರಿ ಎಂದು ಕೇಳಿದರು. ಎಂಟು ಗಂಟೆ ಎಂದೆ. “ಆ ಹಿಟ್ಟಿನ ಧೂಳು ಮೂಗಿಂದ ಗಂಟಲಿಗೆ ಇಳಿಯುತ್ತಮ್ಮ. ಬಾಯಿಂದ ತಿಂದ್ರೇನು, ಮೂಗಿಂದ ತಿಂದ್ರೇನು? ಕೆಲಸ ಬಿಡೋಕಾಗುತ್ತಾ?” ಎಂದರು.

ಬಿಡುವುದು! ಒಂದು ತಿಂಗಳು ಟವೆಲ್ಲು ಕಟ್ಟಿಕೊಂಡು ಬೀಸಿದೆ. ಸಂಜೆ ಬಿಚ್ಚಿದರೆ ಟವೆಲ್ಲಿನ ಒಳಮೈಯೂ ಬೆಳ್ಳಗೆ. ನೋಡಿದವರು ದರೋಡೆಗೆ ಹೊರಟವಳ ಹಾಗೆ ಕಾಣುತ್ತಿದ್ದೀಯ ಎಂದರು. ರಕ್ತ ಒಂಬತ್ತು ಬಿಟ್ಟು ಕದಲಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅತ್ತೆಯೂ ನಾವಿಬ್ಬರೂ ಜಗಲಿಯ ಮೇಲೆ ಕೂತಿದ್ದಾಗ ನಮ್ಮೆಜಮಾನರು ಮೆಲ್ಲಗೆ ಮಾತು ತೆಗೆದರು.

“ಮಿಲ್ನ ಬಾಡಿಗೆಗೆ ಕೊಟ್ಬುಡಾನ ಕಣೇ. ಮೂಗೂರಿನೋರೊಬ್ರು ಕೇಳ್ತಾವ್ರೆ. ನೀನು ಉಳ್ಕಂಡ್ರೆ ಸಾಕು ನಂಗೆ.”

ಅವರ ಮಾತಿನಲ್ಲಿ ಪ್ರೀತಿ ಇತ್ತು, ಗೊತ್ತು. ಆದರೂ ನನಗೆ ಎದೆಗೆ ಒದ್ದ ಹಾಗಾಯಿತು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಹೆರಿಗೆ, ಯಾರು ಬೇರೆಯಾದರು, ಎಲ್ಲವೂ ಡಬ್ಬದ ಗಾತ್ರ ನೋಡಿಯೇ ನನಗೆ ತಿಳಿಯುತ್ತಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಹಿಟ್ಟು ಉಜ್ಜಿದರೆ ಕಲ್ಲು ಎಷ್ಟು ಬಿಗಿ ಇದೆ ಎಂದು ಹೇಳಬಲ್ಲೆ. ಆ ಕೆಲಸ ಬಿಟ್ಟು ಮನೆಯಲ್ಲಿ ಕೂತು ಏನು ಮಾಡಲಿ? ಅಲ್ಲದೆ, ಬೀದಿಯಲ್ಲಿ ಹೋಗುವವರು ಬೀಸಿಸಿಕೊಳ್ಳುವ ಗೋಧಿಗಾಗಿ ನಾನೇಕೆ ಜಾಗ ಖಾಲಿ ಮಾಡಬೇಕು ಎಂದು ರೇಗಿತು.

“ನಾನ್ಯಾಕೆ ಹೋಗ್ಲಿ? ಹೋಗೋದಾದ್ರೆ ಗೋಧಿ ಹೋಗ್ಲಿ” ಎಂದೆ.

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಆ ಹೊತ್ತಿಗೆ ನಮ್ಮ ಮಿಲ್ಲಿನ ಅರ್ಧ ಕೆಲಸ ಗೋಧಿಯದೇ. ಊರಲ್ಲಿ ಶುಗರು ಬಂದವರಿಗೆಲ್ಲ ಚಪಾತಿ ತಿನ್ನಿ ಎಂದು ಹೇಳಿದ್ದರು, ರೇಷನ್ ಅಂಗಡಿಯಲ್ಲೂ ಗೋಧಿ ಕೊಡುತ್ತಿದ್ದರು. ನಮ್ಮೆಜಮಾನರು ತಲೆ ಕೆರೆದುಕೊಂಡರು. ಅತ್ತೆ ಮಾತ್ರ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, “ಸರ್ಯಾಗೇಳ್ದೆ ಕಣವ್ವ. ಕಳ್ಳುನ್ನ ಒಳಗಿಟ್ಕಂಡು ಮನೇರು ಈಚೆ ಓದಾರಾ?” ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಮಿಲ್ಲು ಮೂರು ದಿನ ಬಾಗಿಲು ಹಾಕಿತು. ಧೂಳು ಏಳುವ ಕೆಲಸವಾದ್ದರಿಂದ ನನಗೆ ಒಳಗೆ ಪ್ರವೇಶವಿಲ್ಲ. ಎದುರು ರಸ್ತೆಯ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಕೂಗಿ ಹೇಳುತ್ತಿದ್ದೆ, ಒಳಗಿದ್ದವರು ಮಾಡುತ್ತಿದ್ದರು. ನಮ್ಮೆಜಮಾನರು ರಜ ಹಾಕಿ ಏಣಿ ಹತ್ತಿದರು. ತೊಲೆ, ಜಂತಿ, ಹೆಂಚಿನ ಸಂದಿಯಲ್ಲಿ ಮೂವತ್ತು ವರ್ಷದ ಹಿಟ್ಟು ಜೇಡರ ಬಲೆಗೆ ಅಂಟಿಕೊಂಡು ಬತ್ತಿಬತ್ತಿಯಾಗಿ ನೇತಾಡುತ್ತಿತ್ತಂತೆ. ಕೆಳಗೆ ಇಳಿದಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ಅವರಪ್ಪನ ಹಾಗೇ ಕಾಣುತ್ತಿದ್ದರು. ಬೆಲ್ಟು ಬಿಚ್ಚಿದರು. ಕಾಳು ಸುರಿಯುವ ತಗಡಿನ ಡಬ್ಬ ಇಳಿಸಿ ತೊಳೆದರು. ಬಟ್ಟೆ ಕೊಳವೆಗಳನ್ನು ಹಿತ್ತಲಲ್ಲಿ ಸುಟ್ಟರು.

ಕಲ್ಲಿನ ಮೇಸ್ತ್ರಿ ಹಾರೆ ಹಾಕಿ ಮೇಲಿನ ಕಲ್ಲು ಎತ್ತಿ ಮಗುಚಿದ. ಅವನಿಗೆ ವಿಷಯವೆಲ್ಲ ಹೇಳಿದ್ದೆವು. ಉಳಿಯಿಂದ ನಾಲ್ಕು ಏಟು ಹಾಕಿ, ಕಲ್ಲಿನ ಮೈಯನ್ನು ಬೆರಳಿನಿಂದ ಸವರಿ, ರಸ್ತೆ ದಾಟಿ ನನ್ನ ಹತ್ತಿರ ಬಂದ.

“ಎಷ್ಟ್ ಕೊಚ್ಚಿದ್ರೂ ಸಣ್ ಸಣ್ ತೂತಲ್ಲಿ ಅಳೇ ಇಟ್ಟು ಕೂತ್ಕಂಡದೆ ಕಣಕ್ಕ. ನಿಮ್ ಡಾಕ್ಟ್ರು ಚಿಟಿಕೆನೂ ಬ್ಯಾಡ ಅಂದವ್ರೆ ಅಂತೀರ. ನಾನು ಸುಳ್ಳೇಳಿ ಕೂಲಿ ಇಸ್ಕಳಾಕಾಗಲ್ಲ. ಜೋಡಿ ಬದಲಾಯ್ಸಿ.”

ಅದು ಮಾವನವರು ತಂದ ಕಲ್ಲು. ಅತ್ತೆಯ ಕಡೆ ನೋಡಿದೆ. ಅವರು ಒಂದು ಕ್ಷಣವೂ ಯೋಚಿಸದೆ, “ಬದ್ಲಾಯ್ಸಪ್ಪ” ಎಂದರು. ಹೊಸ ಜೋಡಿ ಬಂತು. ಮೇಸ್ತ್ರಿ ಒಂದು ದಿನ ಪೂರ್ತಿ ಕೂತು ಕಚ್ಚು ಹೊಡೆದ. ಹೊಸ ಕಲ್ಲಿನ ಮರಳು ಹೋಗಲಿ ಎಂದು ನುಚ್ಚಕ್ಕಿ ಸುರಿದು ಮೂರು ಸಲ ಬೀಸಿಸಿದೆವು. ಆ ಹಿಟ್ಟನ್ನು ತೆಗೆದುಕೊಂಡು ಹೋಗಿ ಹೊಂಗೆ ಮರದ ಬುಡಕ್ಕೆ ಸುರಿದವರು ಅತ್ತೆ. ಜೀವಮಾನದಲ್ಲಿ ಅವರು ಹಿಟ್ಟು ಚೆಲ್ಲಿದ್ದು ಅದೊಂದೇ ಸಲ. ಗೋಡೆಗೆ ಸುಣ್ಣ ಬಿದ್ದ ಮೇಲೆ ನಾನು ಒಳಗೆ ಕಾಲಿಟ್ಟೆ. ಹೊಸ ಸುಣ್ಣದ ವಾಸನೆ, ಹೊಸ ಕಲ್ಲಿನ ವಾಸನೆ. ಮದುವಣಗಿತ್ತಿ ಹೊಸಿಲು ದಾಟಿದಷ್ಟು ಸಂಭ್ರಮವಾಯಿತು ನನಗೆ.

ಬಾಗಿಲ ಮೇಲೆ ‘ಇಲ್ಲಿ ಗೋಧಿ ಬೀಸುವುದಿಲ್ಲ’ ಎಂದು ಬೋರ್ಡು ಬರೆಸಿದೆವು. ಮೊದಲು ಬಂದವರು ರಿಟೈರಾದ ಮೇಷ್ಟ್ರು. ಶುಗರಿನವರು, ವಾರಕ್ಕೆ ಎರಡು ಸಲ ಗೋಧಿ ತರುವವರು. ಕನ್ನಡಕ ಹಣೆಗೆ ಏರಿಸಿ ಬೋರ್ಡು ಓದಿದರು.

“ಹೋಟ್ಲು ಬಾಗಿಲಿಗೆ ಇಲ್ಲಿ ಊಟ ಇಲ್ಲ ಅಂತ ಬರೆದಂಗಾಯ್ತಲ್ಲಮ್ಮ! ನಿನಗೆ ಹೊಟ್ಟೆನೋವು ಅಂದ್ರೆ ನಾನು ಚಪಾತಿ ಬಿಡ್ಬೇಕಾ?”

“ಮುದ್ದೆ ತಿನ್ನಿ ಸಾ.”

“ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೋನು ನಾನು. ನಂಗೇ ಪಾಠ ಹೇಳ್ತೀಯಾ?” ಎಂದು ಡಬ್ಬ ಎತ್ತಿಕೊಂಡು ಸೈಕಲ್ ಹತ್ತಿದರು.

ಒಬ್ಬೊಬ್ಬರಿಗೂ ಕಾಯಿಲೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತು. ಗೋಧಿ ತಿಂದರೆ ಕರುಳು ಸವೆಯುತ್ತದೆ ಅಂದರೆ ಯಾರೂ ನಂಬುವುದಿಲ್ಲ. “ಒಸಿ ಬೀಸ್ಕೊಡವ್ವ, ಎರಡೇ ಸೇರು, ಏನೂ ಆಗಲ್ಲ” ಎಂದು ಗೋಗರೆಯುತ್ತಾರೆ. ಅತ್ತೆ ನಾಲ್ಕು ದಿನ ಇದನ್ನು ನೋಡಿದರು. ಐದನೇ ದಿನದಿಂದ ಬಾಗಿಲಲ್ಲಿ ತಾವೇ ಕೂತು, ಗೋಧಿ ತಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದರು.

“ನಂಜುಂಡೇಸ್ವರನ್ಗೆ ಅರಕೆ ಒತ್ತಿವ್ನಿ ಕಣಪ್ಪ. ಸೊಸೆ ಉಸಾರಾಗ್ಲಿ, ಮಿಲ್ಗೆ ಗೋದಿ ಬುಡಲ್ಲ ಅಂತ.”

ಮುಗಿಯಿತು. ಕಾಯಿಲೆಯ ಜೊತೆ ವಾದ ಮಾಡುತ್ತಿದ್ದವರು ಹರಕೆಯ ಜೊತೆ ವಾದ ಮಾಡಲಿಲ್ಲ. “ಅಂಗಾ, ಸರಿ ಬುಡವ್ವ” ಎಂದು ಡಬ್ಬ ಹೊತ್ತು ಬೇರೆ ಮಿಲ್ಲಿಗೆ ನಡೆದರು. ನಿಜಕ್ಕೂ ಹರಕೆ ಹೊತ್ತಿದ್ದೀರಾ ಎಂದು ಅತ್ತೆಯನ್ನು ಕೇಳಿದೆ. “ಯೋಳ್ದ್ ಮೇಲೆ ಒತ್ಕಂಡೆ” ಎಂದರು.

ಆಮೇಲೆ ಗೊತ್ತಾದ ಇನ್ನೊಂದು ತಾಪತ್ರಯ, ರಾಗಿಯ ಒಳಗೇ ಗೋಧಿ ಬರುವುದು. ಮುದ್ದೆ ನಯವಾಗಲಿ ಎಂದು ಕೆಲವರು ರಾಗಿಗೆ ಒಂದು ಹಿಡಿ ಗೋಧಿ ಬೆರೆಸುತ್ತಾರೆ. ಹಾಗಾಗಿ ಯಾರದೇ ಡಬ್ಬ ಬರಲಿ, ಮೊರಕ್ಕೆ ಸುರಿದು, ಕೈಯಾಡಿಸಿ, ಆಮೇಲೇ ಕಲ್ಲಿಗೆ. ಒಂದು ಸಲ ಮೇಷ್ಟ್ರ ಮನೆಯಿಂದ ರಾಗಿ ಬಂತು. ಮೇಲೆ ರಾಗಿ, ಅಡಿಯಲ್ಲಿ ಅರ್ಧ ಡಬ್ಬ ಗೋಧಿ! ಮೇಷ್ಟ್ರು ರಸ್ತೆಯ ಆಚೆ ಸೈಕಲ್ ಹಿಡಿದುಕೊಂಡು ಆಕಾಶ ನೋಡುತ್ತಾ ನಿಂತಿದ್ದರು. “ಸಾ, ಕಾಪಿ ಹೊಡೆದ್ರೆ ನೀವು ಮಕ್ಕಳಿಗೆ ಏನ್ ಮಾಡ್ತಿದ್ರಿ?” ಎಂದು ಕೂಗಿದೆ. ಬೀದಿಯೆಲ್ಲ ನಕ್ಕಿತು. ಅವರೂ ನಕ್ಕರು. ಮುಂದಿನ ವಾರದಿಂದ ಅವರ ಡಬ್ಬದಲ್ಲಿ ಬರೀ ರಾಗಿ ಬರತೊಡಗಿತು.

ಎರಡು ತಿಂಗಳು ಮಿಲ್ಲು ಸಪ್ಪಗಿತ್ತು. ಸಾಲಿನಲ್ಲಿ ಡಬ್ಬಗಳಿಲ್ಲದೆ ನಾನು ಮೋಟಾರು ಒರೆಸಿ ಒರೆಸಿ ಕೂತಿರುತ್ತಿದ್ದೆ. ಆಮೇಲೆ ಕೂಸುಗಳ ತಾಯಂದಿರ ಬಾಯಿಂದ ಬಾಯಿಗೆ ಸುದ್ದಿ ಹೋಯಿತು, ಇಲ್ಲಿ ಯಾವ ಹೊತ್ತಿಗೆ ಹೋದರೂ ಮೊದಲ ಬೀಸಿನ ಹಾಗೇ ಶುದ್ಧ ಅಂತ. ಮುಡುಕುತೊರೆ, ಸೋಮನಾಥಪುರದ ಕಡೆಯವರೂ ಸಂತೆಗೆ ಬಂದಾಗ ಸರಿ ಹಿಟ್ಟಿನ ರಾಗಿ ತರತೊಡಗಿದರು. ದೀಪಾವಳಿಗೆ ಕಜ್ಜಾಯದ ಅಕ್ಕಿ, ಒತ್ತುಶ್ಯಾವಿಗೆಯ ಅಕ್ಕಿ, ಚಕ್ಕುಲಿ ಹಿಟ್ಟು ಎಂದು ಸಾಲು ರಸ್ತೆಗೆ ಬಂತು.

ನನ್ನ ಮೈಯೂ ಅದೇ ಹೊತ್ತಿಗೆ ತಿರುಗಿತು. ಮೊದಲು ಬಂದದ್ದು ಹಸಿವು. ಹಸಿವು ಅಂದರೆ ಹೇಗಿರುತ್ತದೆ ಎಂದೇ ಮರೆತಿದ್ದೆ. ಒಂದು ದಿನ ಹನ್ನೊಂದು ಗಂಟೆಗೆ ಬೀಸುತ್ತಾ ನಿಂತಿದ್ದವಳಿಗೆ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಯಿತು. ಮತ್ತೆ ಶುರುವಾಯಿತಲ್ಲ ದೇವರೇ ಎಂದು ಹೆದರಿ ಕೂತೆ. ಐದು ನಿಮಿಷ ಕೂತ ಮೇಲೆ ಹೊಳೆಯಿತು, ಇದು ನೋವಲ್ಲ, ಹಸಿವು! ಮೋಟಾರು ನಿಲ್ಲಿಸಿ ಮನೆಗೆ ಹೋಗಿ ಎರಡು ಅಕ್ಕಿ ರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ನಿಂತೇ ತಿಂದೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ಮದುವೆಯೊಂದರ ಸಾರು ಉಂಡು ಮೂರು ದಿನ ನರಳಿ ಕಲಿತೆ. ಅತ್ತೆ ಇಂಗು ಬಿಟ್ಟು ಬೆಳ್ಳುಳ್ಳಿ ಒಗ್ಗರಣೆ ಹಿಡಿದರು. ಯುಗಾದಿಗೆ ಅಕ್ಕಿ ಹಿಟ್ಟಿನ ಕಣಕ ಮಾಡಿ ಒಬ್ಬಟ್ಟು ತಟ್ಟಿದರು. ಹೆಂಚಿನ ಮೇಲೆ ಹರಿದು ಚಿಂದಿಯಾಯಿತು. ಆ ಚಿಂದಿಗೆ ತುಪ್ಪ ಸುರಿದುಕೊಂಡು ನಾವಿಬ್ಬರೂ ತಿಂದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಕೂದಲು ಉದುರುವುದು ನಿಂತಿತು. ರವಿಕೆಗಳು ಬಿಗಿಯಾದವು, ಹೊಲಿಗೆ ಬಿಚ್ಚಿಸಿಕೊಂಡೆ, ಮತ್ತೂ ಬಿಗಿಯಾದವು, ಹೊಸದು ಹೊಲಿಸಿದೆ.

ವರ್ಷ ತುಂಬಿದ ಮೇಲೆ ಡಾಕ್ಟರಮ್ಮ ಇನ್ನೊಮ್ಮೆ ಕೊಳವೆ ಇಳಿಬಿಟ್ಟು ನೋಡಿದರು. ರಕ್ತ ಹನ್ನೆರಡು ದಾಟಿತ್ತು. ಕರುಳಿನ ಚೂರಿನ ರಿಪೋರ್ಟು ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು, “ಕಚ್ಚು ಬಂದಿದೆ ಕಣಮ್ಮ” ಎಂದರು. ನಮ್ಮೆಜಮಾನರು ಅವರ ಎದುರಿಗೇ ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು. ಹೊರಡುವಾಗ ಡಾಕ್ಟರಮ್ಮ ನಮ್ಮ ಮಿಲ್ಲಿಗೆ ದಾರಿ ಹೇಗೆ ಎಂದು ಕೇಳಿ ಬರೆದುಕೊಂಡರು.

ಯಾಕೆ ಬರೆದುಕೊಂಡರು ಎಂಬುದು ಎರಡು ತಿಂಗಳ ನಂತರ ತಿಳಿಯಿತು. ನಂಜನಗೂಡಿನ ಬಸ್ಸು ಬಂದು ಹೋದ ಹೊತ್ತಿನಲ್ಲಿ ಒಬ್ಬ ಹೆಂಗಸು ಮಿಲ್ಲಿನ ಬಾಗಿಲಿಗೆ ಬಂದು ನಿಂತರು. ಕಳಲೆಯವರಂತೆ. ಸೊಂಟದ ಮೇಲೆ ಸ್ಟೀಲಿನ ಡಬ್ಬ, ಅದರ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿತ್ತು. ಕೂರಿ ಎಂದರೂ ಕೂರಲಿಲ್ಲ, ಡಬ್ಬ ಕೆಳಗಿಡಲೂ ಇಲ್ಲ.

“ಇಲ್ಲಿ ಗೋದಿ ಬೀಸಲ್ವಂತೆ, ದಿಟವಾ? ಮೈಸೂರು ಡಾಕ್ಟ್ರು ಕಳ್ಸುದ್ರು. ನನ್ ಮಗಳಿಗೆ ಆರು ವರ್ಸ. ಮೂರು ವರ್ಸದ್ ಕೂಸಿನಂಗವ್ಳೆ. ಎಲ್ಲಾ ಮಿಲ್ನೋರೂ ಕಲ್ಲು ತೊಳ್ದಿದ್ದೀವಿ ಅಂತಾರೆ. ನಂಬ್ಕಂಡು ಬೀಸುಸ್ತೀನಿ, ಮತ್ತೆ ಮಗು ಉಸಾರ್ ತಪ್ಪಿ ಮಲಿಕತ್ತದೆ. ನಂಗೆ ಯಾರ್ನ ನಂಬ್ಬೇಕೋ ಗೊತ್ತಾಯ್ತಿಲ್ಲ.”

“ನಂಬ್ರವ್ವ, ನಂಗೂ ಅದೇ ಕಾಯಿಲೆ” ಎಂದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕೆನ್ನೆ ನೋಡಿದರು, ತೋಳು ನೋಡಿದರು. ಆಗಷ್ಟೇ ಒಂದು ಮೂಟೆಯನ್ನು ಎಳೆದು ಗೋಡೆಗೆ ಒರಗಿಸಿ ನಿಂತಿದ್ದೆ ನಾನು. ಮುಖದಲ್ಲಿ ಅನುಮಾನ ಇನ್ನೂ ಹೆಚ್ಚಾಯಿತು.

“ನಿಮ್ಗಾ? ಸುಮ್ಕಿರಿ ಅಕ್ಕ, ನಿಮ್ಗೆಲ್ಲಿ ಬಂದದು. ಎಂಗೆ ಗುಂಡ್ಗುಂಡಗಿದ್ದೀರ!”

ಜೀವನದಲ್ಲಿ ನನ್ನನ್ನು ಯಾರೂ ಅಷ್ಟು ಚೆನ್ನಾಗಿ ಹೊಗಳಿಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಲದಿಂದ ಹಳೆಯ ರಿಪೋರ್ಟುಗಳನ್ನು ತೆಗೆದು ಕೊಟ್ಟೆ. ಆಕೆ ತನ್ನ ಬ್ಯಾಗಿನಿಂದ ಮಗಳ ರಿಪೋರ್ಟು ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು, ಕಾಯಿಲೆಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಹೋಲಿಸಿದರು. ಎಲ್ಲ ಅಕ್ಷರ ಮುಗಿದ ಮೇಲೆ ತಲೆ ಎತ್ತಿದರು.

“ನನ್ ಮಗಳೂ ಇಂಗಾಯ್ತಾಳಾ ಅಕ್ಕ?”

“ಇದಕ್ಕಿಂತ ದಪ್ಪ ಆಗ್ತಾಳೆ. ಆಮೇಲೆ ನನ್ನ ಬಯ್ಬಾರದು” ಎಂದು ಕೈ ಚಾಚಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಡಬ್ಬದ ಬಾಯಿಯ ಬಟ್ಟೆ ಬಿಚ್ಚಿ, ನನ್ನ ಕೈಗೆ ಕೊಟ್ಟರು.